ಎರೆಯ ಲೆಕ್ಕ: ನವಲಗುಂದ ಪಟ್ಟಣದ ಚರಿತ್ರೆ ಮತ್ತು ಬದುಕು



ಧಾರವಾಡ ಜಿಲ್ಲೆಯ ಊರುಗಳ ಚರಿತ್ರೆ ಹೇಳುವಾಗ ನಾವು ಸಾಮಾನ್ಯವಾಗಿ ಶಾಸನದ ಕಲ್ಲಿನಿಂದ ಶುರು ಮಾಡುತ್ತೇವೆ. ಅಣ್ಣಿಗೇರಿಗೆ ಅದು ಒಪ್ಪುತ್ತದೆ. ಅಲ್ಲಿ 76 ಕಂಬಗಳ ಅಮೃತೇಶ್ವರ ಗುಡಿಯಿದೆ, ಆದಿಕವಿ ಪಂಪನ ತಾಯಿಯ ತವರು ಎಂಬ ಹೆಮ್ಮೆಯಿದೆ. ಕುಂದಗೋಳಕ್ಕೆ ಶಂಭುಲಿಂಗನ ಗುಡಿಯಿದೆ, ಸವಾಯಿ ಗಂಧರ್ವರ ಗಾಯನದ ಕೀರ್ತಿಯಿದೆ. ನವಲಗುಂದಕ್ಕೆ ಬಂದಾಗ ನಾನು ಕಲ್ಲನ್ನು ಬಿಟ್ಟು ಮಣ್ಣನ್ನು ಹಿಡಿಯುತ್ತೇನೆ. ಈ ಊರಿನ ಎರೆಮಣ್ಣು ತಿಳಿಯದವರಿಗೆ ಇಲ್ಲಿಯ ನೀರಿನ ಬವಣೆಯೂ ತಿಳಿಯುವುದಿಲ್ಲ, 1980ರ ಬಂಡಾಯವೂ ತಿಳಿಯುವುದಿಲ್ಲ. ದೂರದಲ್ಲಿ ಕೂತವರು ಮಾಡಿದ ನಿರ್ಧಾರಗಳ ಲೆಕ್ಕ ಈ ಎರೆಯಲ್ಲಿಯೇ ಚುಕ್ತಾ ಆಗುತ್ತ ಬಂದಿದೆ. ಇವತ್ತಿನ ನನ್ನ ಮಾತು ಅದರ ಸುತ್ತ.

ಎರೆಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೊದಲ ಮಳೆಗಳನ್ನು ಹೀರಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ; ಆಮೇಲೆ ಸುರಿದದ್ದನ್ನು ಒಳಗೆ ಬಿಡದೆ ಹಳ್ಳಕ್ಕೆ ತಳ್ಳುತ್ತದೆ. ಹೀಗೆ ಹಿಡಿದಿಟ್ಟ ಹಸಿಯ ಮೇಲೆಯೇ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುತ್ತವೆ. ಒಕ್ಕಲಿಗನಿಗೆ ಅದು ವರ. ಕುಡಿಯುವ ನೀರಿಗೆ ಅದೇ ಮಣ್ಣು ಶಾಪ. ಬಾವಿ ತೋಡಿದರೆ ಸವಳು ನೀರು, ಬೋರು ಕೊರೆಸಿದರೂ ಬಹಳ ಕಡೆ ಅದೇ ಸವಳು. ಆದ್ದರಿಂದ ಇಲ್ಲಿಯ ಹಳಬರು ನೆಲದ ಕೆಳಗಿನ ನೀರನ್ನು ನಂಬಲಿಲ್ಲ, ಕೆರೆ ಕಟ್ಟಿ ಮಳೆನೀರನ್ನು ನಂಬಿದರು. ನವಲಗುಂದದ ನೀಲಮ್ಮನ ಕೆರೆ ಇಂದಿಗೂ ಊರಿನ ಜೀವ. ಈಗ ಅದಕ್ಕೆ ಮಲಪ್ರಭೆಯ ಕಾಲುವೆಯಿಂದ ನೀರು ತುಂಬಿಸುತ್ತಾರೆ. ಕಾಲುವೆ ಬಿಡುವುದು ತಡವಾದ ವರ್ಷ ಓಣಿಯ ಹೆಣ್ಣುಮಕ್ಕಳ ದಿನಚರಿಯೇ ಬದಲಾಗುತ್ತದೆ. ನಳ ಎಂದು ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂಬುದರ ಮೇಲೆ ಅಡಿಗೆ, ಒಗೆತ, ಕೂಲಿಗೆ ಹೋಗುವುದು ಎಲ್ಲವೂ ನಿಂತಿರುತ್ತದೆ.

ಕಾಗದದ ಮೇಲೆ ಇದು ಪಟ್ಟಣ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ 20,000 ಮೀರಿದ ಜನಸಂಖ್ಯೆಯ ಊರು ಪುರಸಭೆಯಾಗುತ್ತದೆ. ಆದರೆ ನಸುಕಿನಲ್ಲಿ ಎದ್ದು ನೋಡಿರಿ. ಬುತ್ತಿ ಕಟ್ಟಿಕೊಂಡು ಹೊಲದ ದಾರಿ ಹಿಡಿದವರು, ಕಳೆ ತೆಗೆಯುವ ಆಳುಗಳನ್ನು ತುಂಬಿಕೊಂಡ ಟಂಟಂ, ಮೇವಿನ ಚಕ್ಕಡಿ, ಹುಬ್ಬಳ್ಳಿಯ ಬಸ್ಸಿಗೆ ಓಡುವ ಕಾಲೇಜು ಹುಡುಗರು. ಮಧ್ಯಾಹ್ನ ತಹಶೀಲ್ದಾರ ಕಚೇರಿಯ ಮುಂದೆ ಪಹಣಿ ಹಿಡಿದ ಹಳ್ಳಿಗರು. ಶೀಗಿ ಹುಣ್ಣಿಮೆಗೆ ಪಟ್ಟಣದ ಮನೆಗಳವರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬಿಚ್ಚಿ ಉಣ್ಣುತ್ತಾರೆ. ಇದು ಊರಾಗಿಯೇ ಉಳಿದ ಪಟ್ಟಣ, ಮತ್ತು ಅದರ ಸತ್ವ ಅಲ್ಲಿಯೇ ಇದೆ ಎಂದು ನಾನು ತಿಳಿದಿದ್ದೇನೆ.

ದತ್ತಿ ಉಪನ್ಯಾಸದ ವೇದಿಕೆಯ ಮೇಲೆ ನಿಂತು ಒಬ್ಬರನ್ನು ನೆನೆಯದೆ ಮುಂದೆ ಹೋಗಬಾರದು. ನವಲಗುಂದ–ಶಿರಸಂಗಿ ದೇಸಗತಿಯ ಲಿಂಗರಾಜ ದೇಸಾಯಿ (1861–1906) ದತ್ತಕ ಬಂದವರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರು. ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟು ಮೃತ್ಯುಪತ್ರ ಬರೆದರು. ನವಲಗುಂದ–ಶಿರಸಂಗಿ ಟ್ರಸ್ಟಿನ ನೆರವಿನಿಂದ ಓದಿದ ಎಷ್ಟೋ ಜನ ವಕೀಲರಾದರು, ಡಾಕ್ಟರರಾದರು, ಮಾಸ್ತರರಾದರು. ಆ ಹಣದ ಮೂಲ ಯಾವುದು? ರೈತರು ತುಂಬಿದ ಉತ್ಪನ್ನ. ಎರೆಯ ಹುಟ್ಟುವಳಿ ಒಮ್ಮೆಯಾದರೂ ಶಾಲೆಯ ದಾರಿ ಹಿಡಿದು ಒಕ್ಕಲಿಗರ ಮಕ್ಕಳಿಗೇ ಮರಳಿತು. ಈ ಲೆಕ್ಕದಲ್ಲಿ ಅದೊಂದು ದೊಡ್ಡ ಜಮೆ.

ಹತ್ತಿಯ ಕಥೆ ಬೇರೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿಬೀಜವನ್ನು ಧಾರವಾಡ ಸೀಮೆಗೆ ತಂದಿತು. ಎರೆ ಅದನ್ನು ಒಪ್ಪಿಕೊಂಡಿತು. ‘ಧಾರವಾಡ–ಅಮೆರಿಕನ್’ ಎಂಬ ಹೆಸರೇ ಪೇಟೆಯಲ್ಲಿ ನಡೆಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ ಈ ಭಾಗದ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. 1880ರ ದಶಕದಲ್ಲಿ ಗದಗ–ಹುಬ್ಬಳ್ಳಿ ರೈಲು ಬಂದಾಗ ಅದು ಅಣ್ಣಿಗೇರಿಯನ್ನು ಮುಟ್ಟಿತು, ನವಲಗುಂದವನ್ನು ಮುಟ್ಟಲಿಲ್ಲ.

ನೂರು ವರ್ಷದ ಮೇಲೆ ಬೆಲೆ ಏರಿ ಕುಸಿಯುವ ಇದೇ ಆಟ ಮತ್ತೆ ನಡೆಯಿತು, ಇನ್ನೂ ಕಠಿಣವಾಗಿ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. ಅದರ ನೀರಿನ ಸಾಮರ್ಥ್ಯ 37.73 ಟಿಎಂಸಿ. ಅದೇ ಕಾಲಕ್ಕೆ, 1972ರಲ್ಲಿ, ಧಾರವಾಡ ಕೃಷಿ ಸಂಶೋಧನಾ ಕೇಂದ್ರದ ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರಣ ಹತ್ತಿ ತಳಿ ಕೊಟ್ಟರು. ಕಾಲುವೆ ನೀರು, ಹೊಸ ಬೀಜ, ಗೊಬ್ಬರ, ಬ್ಯಾಂಕಿನ ಸಾಲ ಎಲ್ಲವೂ ಕೂಡಿ ಬಂದವು. ಆದರೆ ಎರೆಗೆ ಅತಿಯಾಗಿ ನೀರು ಹಾಯಿಸಿದರೆ ಬಸಿದು ಹೋಗುವುದಿಲ್ಲ. ಕೆಳಗಿನ ಉಪ್ಪು ಮೇಲೇರಿ ಹೊಲ ಸವಳು–ಜವಳು ಬೀಳುತ್ತದೆ. ಬಸಿಗಾಲುವೆ ಇಲ್ಲದೆ ಕಾಲುವೆ ತಂದದ್ದರ ಫಲ ಇದು. ಕಾಲುವೆಯ ಬಾಲದ ತುದಿಯ ಹೊಲಗಳಿಗಂತೂ ನೀರೇ ಮುಟ್ಟಲಿಲ್ಲ. ಇಷ್ಟರಲ್ಲಿ ವರಲಕ್ಷ್ಮಿಯ ಬೆಲೆ ನೆಲಕಚ್ಚಿತು. ಆಗ ಸರಕಾರ, ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಹೆಚ್ಚಾಗಿದೆ, ಅಭಿವೃದ್ಧಿ ಕರ ಕಟ್ಟಿರಿ ಎಂದಿತು.

ನೀರು ಕಾಣದ ಹೊಲಕ್ಕೂ, ಸವಳಾದ ಹೊಲಕ್ಕೂ ‘ಅಭಿವೃದ್ಧಿ’ಯ ಕರ! ರೈತರು ಮನವಿ ಕೊಟ್ಟರು, ಸತ್ಯಾಗ್ರಹ ಕೂತರು. 1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಊರುಗಳಲ್ಲಿ ಸರಕಾರಿ ಕಚೇರಿ ಬಂದ್ ಮಾಡಿಸಲು ಬಂದ ಜನ ಕಿಕ್ಕಿರಿದರು. ಗೋಳೀಬಾರು ನಡೆಯಿತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ನರಗುಂದದಲ್ಲಿ ಪೊಲೀಸ್ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಆ ಮನೆಗಳ ದುಃಖವನ್ನೂ ನಾವು ಮರೆಯಬಾರದು. ಮುಖ್ಯಮಂತ್ರಿ ಗುಂಡೂರಾಯರ ಸರಕಾರ ಕೊನೆಗೆ ಕರ ವಸೂಲಿಯಿಂದ ಹಿಂದೆ ಸರಿಯಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಜುಲೈ 21 ಇಂದು ಹುತಾತ್ಮ ರೈತರ ದಿನ. ಆ ದಿನ ಇಲ್ಲಿ ಬಂದು ಹಾರ ಹಾಕುವ ನಾಯಕರು ಬಹಳ. ಬಸಿಗಾಲುವೆಯ ಮಾತು ಎತ್ತುವವರು ಕಡಿಮೆ. ನನಗೆ ಹಾರಕ್ಕಿಂತ ಆ ಮಾತು ಮುಖ್ಯವೆನಿಸುತ್ತದೆ, ಏಕೆಂದರೆ ಬಸಪ್ಪನವರು ಸತ್ತದ್ದು ಹೊಲದ ಸಲುವಾಗಿ.

ಇನ್ನು ಬೆಣ್ಣಿಹಳ್ಳ. ಬೇಸಿಗೆಯಲ್ಲಿ ಒಣ ಗೆರೆ, ಮಳೆಗಾಲದಲ್ಲಿ ಸಮುದ್ರ. 2009ರಲ್ಲಿ, ಮತ್ತೆ 2019ರಲ್ಲಿ ಅದೂ ತುಪ್ಪರಿಹಳ್ಳವೂ ಹೊಲ, ಮನೆ, ರಸ್ತೆಗಳನ್ನು ನುಂಗಿದವು. ಅದೇ ಹಳ್ಳದ ದಂಡೆಯ ಯಮನೂರಿನಲ್ಲಿ ಹೋಳಿಯ ನಂತರ ರಾಜಾಬಾಗಸವಾರನ ಉರುಸು. ಹಿಂದೂಗಳು ಚಾಂಗದೇವ ಎನ್ನುತ್ತಾರೆ, ಮುಸಲ್ಮಾನರು ರಾಜಾಬಾಗಸವಾರ ಎನ್ನುತ್ತಾರೆ, ಇಬ್ಬರೂ ಅದೇ ಹಳ್ಳದಲ್ಲಿ ಮಿಂದು ಬರುತ್ತಾರೆ. ಹಳ್ಳದ ನೀರಿನಿಂದಲೇ ಅಲ್ಲಿ ದೀಪ ಉರಿಯುತ್ತದೆಂಬುದು ಜನರ ನಂಬಿಕೆ. ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಲು ಕರ್ನಾಟಕ ಸಲ್ಲಿಸಿದ ಮಧ್ಯಂತರ ಅರ್ಜಿಯನ್ನು 2016ರ ಜುಲೈಯಲ್ಲಿ ಮಹದಾಯಿ ನ್ಯಾಯಮಂಡಳಿ ತಳ್ಳಿಹಾಕಿದಾಗ ಪ್ರತಿಭಟನೆ ಎದ್ದು, ಇದೇ ಯಮನೂರಿನಲ್ಲಿ ಮುದುಕರು, ಹೆಣ್ಣುಮಕ್ಕಳೆನ್ನದೆ ಲಾಠಿ ಏಟು ಬಿದ್ದವು. 2018ರ ಆಗಸ್ಟ್ 14ರ ಐತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ, ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಬೇಕಾದದ್ದು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಅಧಿಸೂಚನೆಯೂ ಬಂತು. ನೀಲಮ್ಮನ ಕೆರೆಯ ಊರಿಗೆ ಆ 3.9 ಎಂಬ ಅಂಕಿ ಎಷ್ಟು ದೊಡ್ಡದು ಎಂಬುದನ್ನು ನಾನು ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ.

ಹೋರಾಟದ ಊರು ಎಂಬ ಹೆಸರು ಇದ್ದರೂ ಇಲ್ಲಿಯ ದಿನಗಳು ಹೋರಾಟದಲ್ಲಿಯೇ ಕಳೆಯುವುದಿಲ್ಲ. ಅಜಾತ ನಾಗಲಿಂಗಜ್ಜನ ಮಠಕ್ಕೆ ಜಾತಿಯ ಎಣಿಕೆಯಿಲ್ಲದೆ ಜನ ಬರುತ್ತಾರೆ. ಅಲ್ಲಿ ಬೈಬಲ್ಲನ್ನೂ ಭಕ್ತಿಯಿಂದ ಕಾಯ್ದಿಟ್ಟಿದ್ದಾರೆ. ಹೋಳಿಗೆ ರಾಮಲಿಂಗ ಕಾಮಣ್ಣನ ಮುಂದೆ ಮದುವೆ, ಮಕ್ಕಳು, ನೌಕರಿಗಾಗಿ ಹರಕೆ ಹೊತ್ತವರು ದೂರದಿಂದ ಬಂದು ಸಾಲು ನಿಲ್ಲುತ್ತಾರೆ.

ಆದರೆ ನಾನು ಮುಗಿಸಬೇಕಾದದ್ದು ಈ ಊರಿನ ಜಮಖಾನದಿಂದ. ವಿಜಾಪುರದ ಆದಿಲಶಾಹಿ ಕಾಲದಲ್ಲಿ ಅಲ್ಲಿಂದ ಬಂದ ನೇಕಾರರು ಇಲ್ಲಿ ನೆಲೆಸಿದರು ಎಂಬ ಮಾತು ತಲೆಮಾರುಗಳಿಂದ ನಡೆದುಬಂದಿದೆ. ಗೋಡೆಗೆ ನೆಟ್ಟಗೆ ನಿಲ್ಲಿಸಿದ ಮಗ್ಗ, ಅದರ ಮುಂದೆ ಕೂತ ಮುಸ್ಲಿಂ ಹೆಣ್ಣುಮಕ್ಕಳು, ಗಂಡಸರು ನೇಯುವುದಿಲ್ಲ. ಎಳೆ ಎಣಿಸಿ ಬಣ್ಣದ ನೂಲು ಕೂಡಿಸಿ, ಪಂಜಾದಿಂದ ಬಡಿದು ಬಿಗಿ ಮಾಡಿ, ನವಿಲು, ಪಗಡೆಹಾಸು, ಜ್ಯಾಮಿತಿಯ ಚಿತ್ತಾರಗಳನ್ನು ಎಬ್ಬಿಸುತ್ತಾರೆ. ನಮಾಜಿಗೆ ಹಾಸುವ ಜಾನಮಾಜೂ ಅದೇ ಮಗ್ಗದಲ್ಲಿ, ಲಿಂಗಾಯತರ ಮದುವೆಯ ಹಾಸೂ ಅದೇ ಮಗ್ಗದಲ್ಲಿ. ಮಗಳಿಗೆ ಕಲಿಸಿದರೆ ಕಸುಬು ಬೇರೆ ಮನೆಗೆ ಹೋದೀತು ಎಂದು ಸೊಸೆಗೆ ಮಾತ್ರ ಕಲಿಸುವ ರೂಢಿ ಇತ್ತು. ಈ ಜಮಖಾನಕ್ಕೆ ಜಿಐ (ಭೌಗೋಳಿಕ ಗುರುತು) ಮುದ್ರೆ ಸಿಕ್ಕಿದೆ. ಆದರೆ ವಾರಗಟ್ಟಲೆ ಕೂತು ನೇಯ್ದ ಕೈಗೆ ಸಿಗುವ ಕೂಲಿ ಕಳೆ ತೆಗೆಯುವ ಕೂಲಿಗೂ ಸಮ ಬರುವುದಿಲ್ಲ. ಹಾಗಿರುವಾಗ ಸೊಸೆ ಮಗ್ಗಕ್ಕೆ ಏಕೆ ಕೂಡ್ರಬೇಕು? ಕಸುಬು ಬಲ್ಲ ಹಿರಿಯ ಹೆಣ್ಣುಮಕ್ಕಳು ಇಂದು ಕೆಲವೇ ಜನ.

ಪುರಸಭೆಯ ಸದಸ್ಯರು ಈ ಸಭೆಯಲ್ಲಿದ್ದೀರಿ. ಊರಿನ ನಡುವೆ ಗಾಳಿ–ಬೆಳಕು ಇರುವ ಒಂದು ದೊಡ್ಡ ಕೋಣೆ ಕೊಡಿರಿ, ಅಲ್ಲಿ ಹತ್ತು ಮಗ್ಗ ಹೂಡಿರಿ, ಕಲಿಸುವ ಅಜ್ಜಿಯರಿಗೆ ತಿಂಗಳ ಸಂಬಳ ಗೊತ್ತು ಮಾಡಿರಿ. ಸೊಸೆ ಬರಲಿ, ಮಗಳು ಬರಲಿ, ಯಾವ ಓಣಿಯ ಹುಡುಗಿಯಾದರೂ ಬರಲಿ. ಪಟ್ಟಣದ ಎಲ್ಲ ಸರಕಾರಿ ಸಭಾಗೃಹಗಳಿಗೂ ಬೇಕಾದ ಹಾಸುಗಳನ್ನು ಮೊದಲು ಆ ಕೋಣೆಯಿಂದಲೇ ಕೊಳ್ಳಬೇಕೆಂದು ಠರಾವು ಮಾಡಿರಿ.