ಟವರ್ ಮೂಕವಾದಾಗ ಸುದ್ದಿ ಮುಟ್ಟಿಸುವವರು ಯಾರು?

(ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಪ್ರತಿ ಸಭೆಯಲ್ಲೂ ಇದ್ದದ್ದೇ. ಇವತ್ತು ಹೊಳೆಯ ಮಾತು ಆಡೋಣ.

2009ರ ಮಹಾಪೂರ, 2019ರ ಆಗಸ್ಟ್ ತಿಂಗಳ ಮಹಾಪೂರ, ಇವೆರಡನ್ನೂ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿ ಕಡೆಯವರು ಮರೆಯುವುದುಂಟೇ? 2019ರಲ್ಲಿ ಅತ್ತ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಗೆ ನೀರು ಬಿಟ್ಟರು, ಇತ್ತ ಬೆಣ್ಣಿಹಳ್ಳವೂ ತುಂಬಿ ಬಂತು. ಮನೆಯ ಸಾಮಾನು ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಜನ ಎತ್ತರದ ಜಾಗ ಹುಡುಕಿದರು.

ಇಂಥ ಹೊತ್ತಿನಲ್ಲಿ ಮೊದಲು ಹೋಗುವುದು ಕರೆಂಟು. ಟವರ್ ಸ್ವಲ್ಪ ಹೊತ್ತು ಬ್ಯಾಟರಿ, ಡೀಸೆಲ್ ಮೇಲೆ ನಡೆಯುತ್ತದೆ. ಅದೂ ಮುಗಿದ ಮೇಲೆ ಕೈಯಲ್ಲಿ ಮೊಬೈಲ್ ಇದ್ದರೂ ಅದು ಬರೀ ಬ್ಯಾಟರಿ ದೀಪ. ಸಹಾಯ ಮಾಡುವವರು ಇರುತ್ತಾರೆ, ಬೋಟೂ ಇರುತ್ತದೆ. ಆದರೆ ಯಾವ ಊರಲ್ಲಿ ತುಂಬು ಬಸುರಿ ಇದ್ದಾಳೆ, ಯಾವ ಅಜ್ಜನಿಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಮುಗಿದಿದೆ ಎಂಬ ಸುದ್ದಿ ಮುಟ್ಟುವುದಿಲ್ಲ. ಸುದ್ದಿ ಮುಟ್ಟದೆ ಹೋದರೆ ಜೀವವೇ ಹೋಗಬಹುದು.

ಇದಕ್ಕೊಂದು ದಾರಿ ಹವ್ಯಾಸಿ ರೇಡಿಯೋ. ಇದನ್ನು ಹ್ಯಾಮ್ ರೇಡಿಯೋ ಎನ್ನುತ್ತಾರೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ದೆಹಲಿಯ ಭಾರತಿ ಪ್ರಸಾದ್ ಎಂಬ ಹೆಣ್ಣುಮಗಳು ಹ್ಯಾಮ್ ರೇಡಿಯೋ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ದ್ವೀಪದ ಸಂಪರ್ಕ ಕಡಿದು ಬಿದ್ದಾಗ ಅವರ ರೇಡಿಯೋ ಮಾತಾಡಿತು. ಎಷ್ಟೋ ಕುಟುಂಬಗಳಿಗೆ ತಮ್ಮವರ ಸುದ್ದಿ ಸಿಕ್ಕಿದ್ದು ಅದರಿಂದ.

ಈಗ ಇದರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಮೆರಿಕದ ಹ್ಯಾಮ್‌ಗಳು ಅಂಗಡಿಯಲ್ಲಿ ಸಿಗುವ ವೈಫೈ ಪೆಟ್ಟಿಗೆಗಳ ಸಾಫ್ಟ್‌ವೇರ್ ಬದಲಿಸಿ, ಗುಡ್ಡದ ಮೇಲೆ, ಮಾಳಿಗೆಯ ಮೇಲೆ ಇಟ್ಟು, ತುರ್ತು ಸಮಯಕ್ಕೆಂದೇ ಮೆಶ್ ಜಾಲ ಕಟ್ಟಿದ್ದಾರೆ. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಹತ್ತಿರ ದುರ್ಗದಹಳ್ಳಿಯಲ್ಲಿ ಜನಸ್ತು ಎಂಬ ಸಂಸ್ಥೆ ಊರಿನವರೊಂದಿಗೆ ವೈಫೈ ಮೆಶ್ ಕಟ್ಟಿದೆ. ಅದು ಹ್ಯಾಮ್ ಜಾಲವಲ್ಲ, ಆದರೆ ತತ್ವ ಒಂದೇ.

ಮೆಶ್ ಎಂದರೆ ಬಲೆ. ನಾಳೆ ಸಂಘದ ಸಭೆ ಐತಿ ಅಂತ ನೀವು ಒಬ್ಬಳಿಗೆ ಹೇಳುತ್ತೀರಿ. ಅವಳು ಪಕ್ಕದ ಮನೆಗೆ, ಪಕ್ಕದ ಮನೆಯವಳು ಮುಂದಿನ ಓಣಿಗೆ ಮುಟ್ಟಿಸುತ್ತಾಳೆ. ಒಬ್ಬರ ಮನೆಗೆ ಬೀಗ ಇದ್ದರೆ ಸುದ್ದಿ ನಿಲ್ಲುವುದಿಲ್ಲ, ಇನ್ನೊಂದು ಮನೆಯ ಮೂಲಕ ಹೋಗುತ್ತದೆ. ಮೆಶ್ ಜಾಲದ ಪೆಟ್ಟಿಗೆಗಳೂ ಹೀಗೆಯೇ. ಒಂದು ಪೆಟ್ಟಿಗೆ ಕೆಟ್ಟರೆ ಸಂದೇಶ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಒಂದೇ ಟವರನ್ನು ನಂಬಿ ಕೂರಬೇಕಿಲ್ಲ.

ಬರವಣಿಗೆಯ ಸಂದೇಶವೇ ಏಕೆ ಎಂದರೆ, ಮಳೆ-ಗಾಳಿಯಲ್ಲಿ ಕೂಗಿ ಹೇಳಿದ ಮೂರು ಜನ ಕೇಳುವವರಿಗೆ ನೂರು ಜನ ಆಗಬಹುದು. ಬರೆದದ್ದು ಬರೆದ ಹಾಗೆಯೇ ಮುಟ್ಟುತ್ತದೆ.

ಗಜೇಂದ್ರಗಡದ ಅಕ್ಕಂದಿರು ಕೇಳಬಹುದು: "ನಮ್ಮೂರಿಗೆ ಹೊಳಿ ಬರೂದಿಲ್ಲ, ನಮಗ್ಯಾಕ್ರಿ ಇದು?" ಅದಕ್ಕೇ ನೀವು ಬೇಕು. ಈ ರೇಡಿಯೋಗಳಿಗೆ ನಡುವೆ ಅಡ್ಡ ಇರಬಾರದು. ಕಣ್ಣಿಗೆ ಕಂಡರೆ ಕಿವಿಗೆ ಕೇಳುತ್ತದೆ ಎನ್ನುವ ಲೆಕ್ಕ. ಹೊಳೆದಂಡೆಯ ಎರೆ ಹೊಲ ತಗ್ಗು. ನರಗುಂದದ ಗುಡ್ಡ, ಗಜೇಂದ್ರಗಡದ ಗುಡ್ಡ ಎತ್ತರ. ಎತ್ತರದಲ್ಲಿ ಇರುವವರು ಸುದ್ದಿ ದಾಟಿಸಬೇಕು, ರೋಣದ ಕಡೆಯವರು ನಡುವಿನ ಕೊಂಡಿಯಾಗಬೇಕು. ಎಲ್ಲಿಂದ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಊರೂರು ತಿರುಗಿ ಪರೀಕ್ಷೆ ಮಾಡಿಯೇ ತಿಳಿಯಬೇಕು.

ಕಾನೂನಿನ ಮಾತು ಸ್ಪಷ್ಟವಾಗಿರಲಿ. ಹ್ಯಾಮ್ ರೇಡಿಯೋಗೆ ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು. ವ್ಯಾಪಾರಕ್ಕೆ ಬಳಸುವಂತಿಲ್ಲ, ಗುಪ್ತ ಭಾಷೆಯಲ್ಲಿ ಮಾತಾಡುವಂತಿಲ್ಲ. ಲೈಸೆನ್ಸ್ ಬೇಡದ ಚಿಕ್ಕ ರೇಡಿಯೋಗಳೂ ಇವೆ. 865ರಿಂದ 868 ಮೆಗಾಹರ್ಟ್ಸ್ ತರಂಗದಲ್ಲಿ, ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತವೆ. ಮೊಬೈಲಿಗೆ ಬ್ಲೂಟೂತ್‌ನಿಂದ ಜೋಡಿಸಿ, ಟವರ್ ಇಲ್ಲದೆ, ಕನ್ನಡದಲ್ಲೇ ಒಂದೆರಡು ಸಾಲು ಕಳಿಸಬಹುದು. ಫೋಟೋ ಹೋಗುವುದಿಲ್ಲ. ನಾವು ಇದರಿಂದ ಶುರು ಮಾಡಿ, ಜೊತೆಗೆ ನಮ್ಮ ಹೆಣ್ಣುಮಕ್ಕಳನ್ನು ಹ್ಯಾಮ್ ಪರೀಕ್ಷೆಗೆ ತಯಾರು ಮಾಡಬಹುದು.

ಸಂಘಗಳು ಮಾಡಬೇಕಾದ ಕೆಲಸ ಇಷ್ಟು:

1. ನೀರು ಏರದ ಜಾಗ ಗುರುತಿಸಿ. ಶಾಲೆಯ ಮಾಳಿಗೆ, ನೀರಿನ ಟ್ಯಾಂಕ್ ಯಾವುದಾದರೂ ಸರಿ. ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ.

2. ಪೆಟ್ಟಿಗೆಗೆ ಚಿಕ್ಕ ಸೋಲಾರ್ ಹಲಗೆ, ಬ್ಯಾಟರಿ ಇರಲಿ. ಕರೆಂಟಿಗೆ ಕಾಯುವ ಜಾಲ ಪೂರದಲ್ಲಿ ಕೈಕೊಡುತ್ತದೆ.

3. ಪ್ರತಿ ಊರಿಗೆ ಇಬ್ಬರು ಮಹಿಳೆಯರನ್ನು ಆರಿಸಿ. ಒಬ್ಬರು ತವರಿಗೆ ಹೋದರೆ ಇನ್ನೊಬ್ಬರು ಇರಬೇಕು.

4. ಸಂದೇಶಕ್ಕೆ ಒಂದೇ ನಮೂನೆ ಇರಲಿ: ಊರು, ಸಮಯ, ಎಷ್ಟು ಜನ, ಏನು ಬೇಕು, ಕಳಿಸಿದವರು ಯಾರು.

5. ವಾರದ ಸಭೆಯಲ್ಲಿ ಹಣ ಎಣಿಸುವ ಮೊದಲು ಒಂದು ಸಂದೇಶ ಕಳಿಸಿ, ಉತ್ತರ ಬಂತೇ ನೋಡಿ, ವಹಿಯಲ್ಲಿ ಬರೆಯಿರಿ.

6. ತಹಶೀಲ್ದಾರರ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಒಂದೊಂದು ಪೆಟ್ಟಿಗೆ ಇಡಲು ಮನವಿ ಕೊಡಿ. ಓದುವವರೇ ಇಲ್ಲದ ಕಡೆ ಸಂದೇಶ ಕಳಿಸಿ ಏನು ಫಲ?

"ನಮಗ ಇಂಗ್ಲಿಷ್ ಬರೂದಿಲ್ರಿ, ಇದು ಕಲತ ಹುಡುಗರ ಕೆಲಸ" ಎನ್ನಬೇಡಿ. ಬ್ಯಾಂಕಿನ ಚಲನ್ ತುಂಬುವುದನ್ನೂ ನಾವು ಒಂದು ಕಾಲಕ್ಕೆ ಹೀಗೇ ಅಂದಿದ್ದೆವು. ಹುಡುಗರು ಪೆಟ್ಟಿಗೆ ಕೂರಿಸಿಕೊಟ್ಟು ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ. ಊರಲ್ಲಿ ಉಳಿಯುವವರು ನೀವು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಏಳಲಾರದ ಮುದುಕಿ ಇದ್ದಾಳೆ ಎಂಬ ಮಾಹಿತಿ ಯಾವ ಕಂಪ್ಯೂಟರಿನಲ್ಲೂ ಇಲ್ಲ, ನಿಮ್ಮ ತಲೆಯಲ್ಲಿದೆ.

1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ರೈತರು ಸಹಕಾರ ಸಂಘ ಕಟ್ಟಿ ನಾಡಿಗೇ ದಾರಿ ತೋರಿಸಿದರು. ಅಲ್ಲಿ ಕೂಡಿಸಿದ್ದು ಹಣ. ಇಲ್ಲಿ ಕೂಡಿಸಬೇಕಾದದ್ದು ಸುದ್ದಿ. ಉಳಿತಾಯದ ಹಾಗೆಯೇ ಇದನ್ನೂ ಕಷ್ಟ ಬರುವ ಮುಂಚೆ ಶುರು ಮಾಡಬೇಕು. ನೀರು ಹೊಸ್ತಿಲಿಗೆ ಬಂದ ದಿನ ಕಲಿಯಲಾಗುವುದಿಲ್ಲ.

ಊರಿಗೆ ಹೋದ ಮೇಲೆ ಮುಂದಿನ ಸಭೆಯಲ್ಲಿ ಈ ಮಾತು ಇಡಿ. ನಿಮ್ಮೂರಿನಲ್ಲಿ ನೀರು ಏರದ ಜಾಗ ಯಾವುದು, ಹೊಣೆ ಹೊರುವ ಆ ಇಬ್ಬರು ಯಾರು, ಇಷ್ಟನ್ನು ಬರೆದು ತನ್ನಿ. ಉಳಿದದ್ದನ್ನು ಕೂಡಿ ಮಾಡೋಣ.