ಮರಿಯಮ್ಮನವರು ಅಲ್ಲಿ ಉಳಿದ ಮೂರು ತಿಂಗಳು

(ಮೇ 31, ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬದ ಪ್ರಬೋಧನೆ)



ನಾವಿಂದು ಕೊಂಡಾಡುತ್ತಿರುವುದು ಇಬ್ಬರು ಗರ್ಭಿಣಿಯರ ಭೇಟಿಯ ಹಬ್ಬ. ಈ ಘಟನೆಯನ್ನು ಬರೆದ ಸಂತ ಲೂಕರು ವೈದ್ಯರಾಗಿದ್ದರೆಂದು ಧರ್ಮಸಭೆಯ ಸಂಪ್ರದಾಯ ಹೇಳುತ್ತದೆ. ಅದಕ್ಕೇ ಇರಬೇಕು, ಅವರು ತಿಂಗಳುಗಳನ್ನು ಎಣಿಸಿ ಎಣಿಸಿ ಬರೆಯುತ್ತಾರೆ. ಎಲಿಜಬೇತಮ್ಮನವರು ಐದು ತಿಂಗಳು ಯಾರಿಗೂ ಕಾಣಿಸಿಕೊಳ್ಳದೆ ಉಳಿದರು. ಆರನೆಯ ತಿಂಗಳಲ್ಲಿ ಗಬ್ರಿಯೇಲ ದೂತ ನಜರೇತಿಗೆ ಬಂದ. ಮರಿಯಮ್ಮನವರು ತಡಮಾಡದೆ ಜುದೇಯದ ಬೆಟ್ಟದ ಸೀಮೆಗೆ ಹೊರಟರು, ಅಲ್ಲಿ ಸುಮಾರು ಮೂರು ತಿಂಗಳು ಉಳಿದರು.

ಈ ಮೂರು ತಿಂಗಳನ್ನು ನಾವು ಸಾಮಾನ್ಯವಾಗಿ ಸೇವೆಯ ತಿಂಗಳುಗಳೆಂದು ಬೋಧಿಸುತ್ತೇವೆ. ವಯಸ್ಸಾದ ಬಂಧುವಿನ ಬಾಣಂತನಕ್ಕೆ ಹುಡುಗಿ ಹೋದಳು ಎನ್ನುತ್ತೇವೆ. ಅದು ಸರಿಯೇ. ಆದರೆ ಇನ್ನೊಂದು ಕಡೆಯಿಂದಲೂ ಲೆಕ್ಕ ಹಾಕಿ ನೋಡಿ. ಅವು ಮರಿಯಮ್ಮನವರ ಬಸಿರಿನ ಮೊದಲ ಮೂರು ತಿಂಗಳು. ಬಸಿರು ಹೊರಗೆ ಕಾಣದ ದಿನಗಳು, ಒಳಗೆ ಮಾತ್ರ ಎಲ್ಲವೂ ಬದಲಾಗುತ್ತಿರುವ ದಿನಗಳು. ಆ ದಿನಗಳಲ್ಲಿ ಅವರು ಒಂಟಿಯಾಗಿರಲಿಲ್ಲ. ತನ್ನ ಸ್ಥಿತಿಯನ್ನು ಹೇಳದೆಯೇ ಅರಿತ ಹಿರಿಯ ಹೆಂಗಸೊಬ್ಬರು ಜೊತೆಗಿದ್ದರು.

ನಮ್ಮ ಮನೆಗಳಲ್ಲಿ ಏನು ರೂಢಿ? "ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ" ಎಂದು ಅಜ್ಜಿ ಎಚ್ಚರಿಸುತ್ತಾರೆ. ದೃಷ್ಟಿಯಾಗುತ್ತದೆಂಬ ಭಯ ಒಂದು ಕಡೆ. ಗರ್ಭ ನಿಲ್ಲದೆ ಹೋಗುವುದು ಈ ಅವಧಿಯಲ್ಲೇ ಹೆಚ್ಚು ಎಂಬ ಅನುಭವದ ಮಾತು ಇನ್ನೊಂದು ಕಡೆ. ಆದರೆ ಅಜ್ಜಿಯ ಕಾಲದಲ್ಲಿ ಇಲ್ಲದ ಒಂದು ಸಂಗತಿ ಈಗ ಇದೇ ತಿಂಗಳುಗಳೊಳಗೆ ಬಂದು ಕುಳಿತಿದೆ. 11ನೇ ವಾರದಿಂದ 14ನೇ ವಾರ ತುಂಬುವ ಮೊದಲು, ಮಗು ಇನ್ನೂ ಸುಮಾರು 45ರಿಂದ 84 ಮಿಲಿಮೀಟರ್ ಉದ್ದವಿರುವಾಗ, ಎನ್.ಟಿ. ಸ್ಕ್ಯಾನ್ ಮಾಡುತ್ತಾರೆ. ಮಗುವಿನ ಕತ್ತಿನ ಹಿಂದೆ ಚರ್ಮದ ಅಡಿಯಲ್ಲಿರುವ ನೀರಿನ ಪದರವನ್ನು ಅಳೆಯುತ್ತಾರೆ. ಡಬಲ್ ಮಾರ್ಕರ್ ಎಂದು ತಾಯಿಯ ರಕ್ತದಲ್ಲಿ ಎರಡು ಅಂಶಗಳನ್ನು ನೋಡುತ್ತಾರೆ. ತಾಯಿಯ ವಯಸ್ಸನ್ನೂ ಸೇರಿಸಿ ಕಂಪ್ಯೂಟರ್ ಒಂದು ಸಂಖ್ಯೆ ಕೊಡುತ್ತದೆ.

ಆ ಸಂಖ್ಯೆಯ ಕಾಗದ ಹಿಡಿದು ಪೂಜೆ ಮುಗಿದ ಮೇಲೆ ಬರುವ ತಾಯಂದಿರನ್ನು ಗುರುಗಳಾದ ನಾವು ನೋಡುತ್ತಿದ್ದೇವೆ. ಒಬ್ಬಳ ಕಾಗದದಲ್ಲಿ ಕೆಂಪು ಅಕ್ಷರದಲ್ಲಿ 'ಹೈ ರಿಸ್ಕ್, 1:180' ಎಂದಿತ್ತು. "ಫಾದರ್, ಮಗು ಸರಿಯಿಲ್ಲವಂತೆ, ತೆಗೆಸಿಬಿಡಿ ಅಂತಿದ್ದಾರೆ" ಎಂದಳು. ಅಂತಿದ್ದವರು ಡಾಕ್ಟರಲ್ಲ, ಮನೆಯವರು. ಡಾಕ್ಟರನ್ನು ಕಾಣಲು ಇನ್ನೂ ಮೂರು ದಿನವಿತ್ತು.

ದೇವಾಲಯದಲ್ಲಿ ಗಣಿತ ಹೇಳುತ್ತಿದ್ದೇವೆಂದು ಬೇಸರಿಸಬೇಡಿ. ಒಂದು ಬೆಂಚಿಗೆ ಆರು ಜನರಂತೆ 30 ಬೆಂಚುಗಳಲ್ಲಿ ಅದೇ ಕಾಗದ ಹಿಡಿದ 180 ತಾಯಂದಿರು ಕುಳಿತಿದ್ದಾರೆ ಎಂದುಕೊಳ್ಳಿ. ಅವರಲ್ಲಿ 179 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಇದು ಜರಡಿ ಹಿಡಿಯುವ ಪರೀಕ್ಷೆಯೇ ಹೊರತು ತೀರ್ಪಲ್ಲ. ಪರೀಕ್ಷೆ ಮಾಡಿಸಿಕೊಂಡ ಪ್ರತಿ 100 ತಾಯಂದಿರಲ್ಲಿ ಸುಮಾರು ಐವರಿಗೆ ಇಂಥ ಕಾಗದ ಬರುತ್ತದೆ, ಅವರಲ್ಲಿ ಹೆಚ್ಚಿನವರ ಮಕ್ಕಳಿಗೆ ಈ ತೊಂದರೆ ಇರುವುದಿಲ್ಲ. 'ಲೋ ರಿಸ್ಕ್' ಎಂದು ಬಂದ ಕಾಗದವೂ ಖಾತರಿ ಪತ್ರವಲ್ಲ. ತಾಯಿಯ ರಕ್ತದಲ್ಲಿ ತೇಲುವ ಮಾಸಿನ ಡಿ.ಎನ್.ಎ. ತುಣುಕುಗಳನ್ನು ನೋಡುವ ಎನ್.ಐ.ಪಿ.ಟಿ. ಪರೀಕ್ಷೆ ಇದಕ್ಕಿಂತ ಬಹಳ ನಿಖರ. ಆದರೆ ಅದೂ ಜರಡಿಯೇ. ಖಚಿತವಾಗಿ ತಿಳಿಯಬೇಕಾದರೆ ಮಾಸಿನ ತುಣುಕನ್ನೋ, 15 ವಾರ ಕಳೆದ ಮೇಲೆ ಗರ್ಭದ ನೀರನ್ನೋ ಸೂಜಿಯಿಂದ ತೆಗೆದು ನೋಡಬೇಕು. ಅದರಿಂದ ಗರ್ಭಪಾತವಾಗುವ ಅಪಾಯ ಸಣ್ಣದು, ಆದರೂ ಇದೆ. ಹೀಗೆ ಒಂದು ಕಾಗದಕ್ಕೂ ಮುಂದಿನ ಕಾಗದಕ್ಕೂ ನಡುವೆ ವಾರಗಳೇ ಕಳೆಯುತ್ತವೆ. ಯಾರಿಗೂ ಹೇಳದ ಬಸಿರು, ಯಾರಿಗೂ ಹೇಳಲಾಗದ ಭಯ. ಆ ವಾರಗಳಲ್ಲಿ ಆ ತಾಯಿ ಯಾರ ಮನೆಯ ಬಾಗಿಲು ತಟ್ಟಬೇಕು?

ಧರ್ಮಸಭೆ ಈ ಪರೀಕ್ಷೆಗಳಿಗೇ ವಿರೋಧ ಎಂದು ತಿಳಿದವರಿದ್ದಾರೆ. ಹಾಗಲ್ಲ. ಸಂತ ಎರಡನೇ ಜಾನ್ ಪೌಲರು 1995ರ 'ಎವಾಂಜೆಲಿಯುಂ ವಿತೆ' ವಿಶ್ವಪತ್ರದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ತಾಯಿಗೂ ಮಗುವಿಗೂ ಮಿತಿಮೀರಿದ ಅಪಾಯವಿಲ್ಲದಿದ್ದರೆ, ಮಗುವಿನ ಆರೈಕೆಗೋ ತಂದೆತಾಯಿಯರ ಸಿದ್ಧತೆಗೋ ಪರೀಕ್ಷೆ ಮಾಡಿಸುವುದು ಯೋಗ್ಯವೇ. ದೋಷ ಕಂಡರೆ ಮಗುವನ್ನೇ ಇಲ್ಲವಾಗಿಸೋಣ ಎಂಬ ಉದ್ದೇಶದಿಂದ ಮಾಡಿಸುವುದು ಘೋರ ತಪ್ಪು. ಆದ್ದರಿಂದ ತಾಯಿ ಕಾರ್ಡ್ ಮಾಡಿಸಲು ನಾಚಬೇಡಿ, 12 ವಾರಗಳೊಳಗೆ ಹೋಗಿ. ರಕ್ತದ ಗುಂಪು ನೆಗೆಟಿವ್ ಎಂದು ಮೊದಲೇ ತಿಳಿದರೆ ಒಂದು ಚುಚ್ಚುಮದ್ದು ಮುಂದಿನ ಮಗುವನ್ನೂ ಕಾಪಾಡಬಲ್ಲದು. ಹೃದಯದ ದೋಷ ಮೊದಲೇ ಗೊತ್ತಾದರೆ ಹೆರಿಗೆ ಎಲ್ಲಿ ಆಗಬೇಕೆಂದು ನಿರ್ಧರಿಸಲು ಸಮಯ ಸಿಗುತ್ತದೆ.

ಮಗು ಗಂಡೋ ಹೆಣ್ಣೋ ಎಂದು ಕೇಳುವುದಂತೂ 1994ರ ಕಾನೂನಿನ ಪ್ರಕಾರ ಅಪರಾಧ. ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲಿನ ಫಲಕವನ್ನು ನಮ್ಮ ಧರ್ಮಕೇಂದ್ರದವರೂ ಓದಿದರೆ ಒಳ್ಳೆಯದು.

ಈಗ ಆ ಒಬ್ಬರ ವಿಷಯ. 179 ಮಂದಿಯನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸಿದರೆ ನಮ್ಮ ಕೆಲಸ ಮುಗಿಯಲಿಲ್ಲ. ಮೂವತ್ತು ಬೆಂಚುಗಳಲ್ಲಿ ಒಬ್ಬಳು ಇನ್ನೂ ಕುಳಿತೇ ಇದ್ದಾಳೆ.

1959ರಲ್ಲಿ ಪ್ಯಾರಿಸ್ಸಿನಲ್ಲಿ ಡಾ. ಜೆರೋಮ್ ಲೆಜೂನ್ ಮತ್ತು ಸಹೋದ್ಯೋಗಿಗಳು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 46ರ ಬದಲು 47 ಕ್ರೋಮೋಸೋಮ್‌ಗಳಿವೆ ಎಂದು ಪ್ರಕಟಿಸಿದರು. ಕೋಶಗಳನ್ನು ಬೆಳೆಸಿ ಸಿದ್ಧಪಡಿಸಿದ ಡಾ. ಮಾರ್ಥ್ ಗೋತಿಯೇ ಎಂಬ ಮಹಿಳೆಗೆ ಸಲ್ಲಬೇಕಾದ ಗೌರವ ಬಹಳ ತಡವಾಗಿ ಸಂದಿತು, ಅದನ್ನೂ ಹೇಳಬೇಕು. ಲೆಜೂನ್ ಭಕ್ತ ಕಥೋಲಿಕರು. ತಾವು ಕಂಡುಹಿಡಿದದ್ದು ಈ ಮಕ್ಕಳ ಚಿಕಿತ್ಸೆಗೆ ದಾರಿಯಾಗಲಿ ಎಂದು ಬಯಸಿದ್ದರು. ಅದು ಈ ಮಕ್ಕಳನ್ನು ಹುಟ್ಟುವ ಮೊದಲೇ ಗುರುತಿಸಿ ಕೊಲ್ಲುವುದಕ್ಕೆ ಬಳಕೆಯಾದಾಗ ತಮ್ಮ ಹೆಸರು, ಸ್ಥಾನಗಳನ್ನು ಲೆಕ್ಕಿಸದೆ ವಿರೋಧಿಸಿದರು. 1994ರಲ್ಲಿ ಸಾಯುವ ತನಕ ಈ ಮಕ್ಕಳ ವೈದ್ಯರಾಗಿಯೇ ಉಳಿದರು. 2021ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು.

ಈ ಮಕ್ಕಳು ತಡವಾಗಿ ನಡೆಯುತ್ತಾರೆ, ತಡವಾಗಿ ಮಾತು ಕಲಿಯುತ್ತಾರೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆಯಿದ್ದು, ಹೆಚ್ಚಿನವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. "ನಾವು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ?" ಇದು ತಂದೆತಾಯಿಯರ ನಿಜವಾದ ಪ್ರಶ್ನೆ. ಪ್ರವಚನದಿಂದ ಇದಕ್ಕೆ ಉತ್ತರ ಸಿಗದು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ, ಬುದ್ಧಿಬೆಳವಣಿಗೆಯ ತೊಂದರೆ ಇರುವವರಿಗೆ 18 ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿಯಿದೆ. 'ನಿರಾಮಯ' ಎಂಬ ಆರೋಗ್ಯ ವಿಮೆಯೂ ಇದೆ. ಆ ಅರ್ಜಿ ತುಂಬಿಸಿಕೊಡುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ವಾರಕ್ಕೊಂದು ಮಧ್ಯಾಹ್ನ ಆ ತಾಯಿಗೆ ಬಿಡುವು ಕೊಡುವುದು, ಇವೆಲ್ಲ ವಿನ್ಸೆಂಟ್ ದೆ ಪೌಲ್ ಸಭೆಯವರೂ ಮಹಿಳಾ ಸಂಘದವರೂ ಮಾಡಬಹುದಾದ ಕೆಲಸಗಳು. ಮಾಡುವವರಿಲ್ಲದ ಧರ್ಮಕೇಂದ್ರದಲ್ಲಿ ನಿಂತು "ಮಗುವನ್ನು ಉಳಿಸಿಕೊಳ್ಳಿ" ಎಂದು ಹೇಳುವುದು ಬಾಯಿಗೆ ಬಹಳ ಸುಲಭ.

ಇನ್ನೂ ಕಠಿಣ ಸ್ಥಿತಿಗಳಿವೆ. ಹುಟ್ಟಿದ ಕೆಲವೇ ಗಂಟೆ ಅಥವಾ ದಿನ ಬದುಕುವ ಮಕ್ಕಳಿದ್ದಾರೆ. ಅಂಥ ಗರ್ಭವನ್ನು ತೆಗೆಸಲು 2021ರಲ್ಲಿ ತಿದ್ದುಪಡಿಯಾದ ಕಾನೂನು ಅನುಮತಿ ಕೊಡುತ್ತದೆ, ಆದರೆ ಯಾರನ್ನೂ ಒತ್ತಾಯಿಸುವುದಿಲ್ಲ. ವಯಸ್ಕ ತಾಯಿಯ ಸ್ವಂತ ಒಪ್ಪಿಗೆಯಿಲ್ಲದೆ ಗಂಡನಾಗಲಿ, ಅತ್ತೆಯಾಗಲಿ ನಿರ್ಧರಿಸುವಂತಿಲ್ಲ. ಆ ಮಗುವಿಗೆ ಹೆಸರಿಡಲು, ಸ್ನಾನದೀಕ್ಷೆ ಕೊಡಲು, ಮಣ್ಣು ಮಾಡಲು ರಾತ್ರಿ ಎರಡು ಗಂಟೆಗೆ ಕರೆದರೂ ನಾವು ಬರುತ್ತೇವೆ. ಹಿಂದೆ ಭಯದಿಂದಲೋ ಒತ್ತಾಯದಿಂದಲೋ ಬೇರೆ ನಿರ್ಧಾರ ಮಾಡಿ ಇಂದಿಗೂ ಅಳುತ್ತಿರುವ ತಾಯಂದಿರು ಈ ಬೆಂಚುಗಳಲ್ಲಿರಬಹುದು. ಅಮ್ಮಾ, ಪಾಪನಿವೇದನೆಯ ಪೀಠ ನಿಮಗಾಗಿಯೂ ಇದೆ. ಅಲ್ಲಿ ನಿಮ್ಮನ್ನು ಯಾರೂ ಗದರುವುದಿಲ್ಲ.

ಮುಂದಿನ ಭಾನುವಾರ ಎರಡನೆಯ ಪೂಜೆಯ ನಂತರ ಗರ್ಭಿಣಿಯರಿಗೆ ಆಶೀರ್ವಾದವಿರುತ್ತದೆ. ಮೂರು ತಿಂಗಳು ತುಂಬದವರೂ ಬರಬಹುದು. ಎಲ್ಲರ ಮುಂದೆ ಬರಲು ಸಂಕೋಚವಾದರೆ ಗುರುಮನೆಗೆ ಬನ್ನಿ, ಗಂಡಂದಿರು ಜೊತೆಗೆ ಬರಲಿ. ಕಾಗದದಲ್ಲಿ ಏನಿದೆ ಎಂದು ನೀವಾಗಿ ಹೇಳದೆ ನಾವು ಕೇಳುವುದಿಲ್ಲ. ಮಹಿಳಾ ಸಂಘದ ಹಿರಿಯ ತಾಯಂದಿರಿಬ್ಬರು ಅಲ್ಲಿರುತ್ತಾರೆ, ಕಾಫಿಯೂ ಇರುತ್ತದೆ.