ಓದಲು ತೊಡಕುವ ಮಗು ದಡ್ಡನಲ್ಲ

(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಒಮ್ಮೆ ಕೇಳಿದ ಕತೆಯನ್ನು ಚಾಚೂ ತಪ್ಪದೆ ಹೇಳುವ, ಅಂಗಡಿಯ ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಮುಗಿಸುವ ಮಗು ಪುಸ್ತಕ ತೆರೆದೊಡನೆ ಮಂಕಾಗುವುದುಂಟು. ಆಗ ‘ಸೋಮಾರಿ’, ‘ದಡ್ಡ’ ಎಂಬ ತೀರ್ಪು ನಮ್ಮ ನಾಲಗೆಯಲ್ಲಿ ಸಿದ್ಧವಾಗಿರುತ್ತದೆ. ಆದರೆ ಅದು ಡಿಸ್ಲೆಕ್ಸಿಯಾ ಆಗಿರಬಹುದು. ಬುದ್ಧಿವಂತನಾಗಿದ್ದೂ ಓದಲಾರದ 14 ವರ್ಷದ ಬಾಲಕನೊಬ್ಬನ ವಿಷಯವನ್ನು ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿಯೇ ದಾಖಲಿಸಿದ್ದರು.

ಇದು ಬುದ್ಧಿಯ ಕೊರತೆಯಲ್ಲ, ಸಾಕಿದವರ ದೋಷವೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಂದಿಗೆ ಜೋಡಿಸುವಲ್ಲಿ ಮಗುವಿಗೆ ತೊಡಕುಂಟಾಗುತ್ತದೆ. ಹಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಒತ್ತಕ್ಷರ ಬಿಟ್ಟುಹೋಗುವುದು, ದೀರ್ಘವು ಹ್ರಸ್ವವಾಗುವುದು, ಮೊದಲಕ್ಷರ ನೋಡಿ ಉಳಿದುದನ್ನು ಊಹಿಸುವುದು ಇದರ ಕುರುಹುಗಳಾಗಿರಬಹುದು. ಗುಣಪಡಿಸುವ ಔಷಧಿ ಇದಕ್ಕಿಲ್ಲ; ಕ್ರಮಬದ್ಧ ಬೋಧನೆಯೇ ಪರಿಹಾರ.

ನಮ್ಮ ಮಕ್ಕಳಿಗೆ ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಅರಬಿ. ಭಾಷೆಗಳು ಹೆಚ್ಚಾದುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಹೊಸದಾಗಿ ಕಲಿಯುವ ಒಂದೇ ಭಾಷೆಯಲ್ಲಿ ಎಡವಿದರೆ ಅಭ್ಯಾಸ ಸಾಲದೆಂದು ತಿಳಿಯಬಹುದು. ಕಲಿತ ಎಲ್ಲ ಲಿಪಿಗಳಲ್ಲಿಯೂ ಎಡವುತ್ತಿದ್ದರೆ ತಡಮಾಡಬಾರದು. ಪರೀಕ್ಷಿಸುವವರಿಗೆ ಮಗುವಿನ ಭಾಷೆಗಳ ಹಿನ್ನೆಲೆಯನ್ನು ಮರೆಯದೆ ತಿಳಿಸಬೇಕು. ಉಸ್ತಾದರೂ ಶಾಲೆಯ ಅಧ್ಯಾಪಕರೂ ಕಂಡದ್ದನ್ನು ಒಟ್ಟಿಗೆ ಹೇಳಿದರೆ ಚಿತ್ರ ಪೂರ್ಣವಾಗುತ್ತದೆ.

ಮೊದಲು ಕಣ್ಣು, ಕಿವಿಗಳ ಪರೀಕ್ಷೆಯಾಗಲಿ. ಬಳಿಕ ಮಗುವಿನ ನೋಟುಪುಸ್ತಕಗಳೊಂದಿಗೆ ಮಕ್ಕಳ ವೈದ್ಯರನ್ನು, ಅವರ ಮೂಲಕ ಮನಶ್ಶಾಸ್ತ್ರಜ್ಞರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್ ಇಂತಹ ಪರೀಕ್ಷೆಗೆ ಹೆಸರಾಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ವರದಿ ಬಂದ ಮೇಲೆ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿಯೇ ಅರ್ಜಿ ಕೊಡಿರಿ, ಪ್ರತಿಯೊಂದನ್ನು ಇಟ್ಟುಕೊಳ್ಳಿರಿ.

ಇದು ಬೇಡಿಕೊಳ್ಳುವ ದಯೆಯಲ್ಲ, ಹಕ್ಕು. 1995ರ ಅಂಗವಿಕಲರ ಕಾಯ್ದೆಯಲ್ಲಿ ಈ ತೊಂದರೆಗೆ ಸ್ಥಾನವಿರಲಿಲ್ಲ. 2016ರ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಪಟ್ಟಿಗೆ ಸೇರಿಸಿತು. ಅದನ್ನು ಬೇಗನೆ ಗುರುತಿಸಿ ತಕ್ಕ ಬೋಧನಾಕ್ರಮ ಕೈಗೊಳ್ಳುವ ಹೊಣೆಯನ್ನು ಅದರ 16ನೇ ಕಲಮು ಶಾಲೆಗಳಿಗೆ ವಹಿಸಿದೆ. ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಪ್ರಮಾಣಪತ್ರವುಳ್ಳ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ರಿಯಾಯಿತಿಗಳಿವೆ.

2018ರ ಮಾರ್ಗಸೂಚಿಯು ಪ್ರಮಾಣಪತ್ರಕ್ಕೆ 8 ವರ್ಷದ ವಯೋಮಿತಿಯನ್ನಿಟ್ಟಿತು. ಆದರೆ ನೆರವಿಗೆ ಅಂತಹ ಮಿತಿ ಇಲ್ಲ. ಆರರ ಮಗುವಿಗೆ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಾ ಧ್ವನಿ ಹೇಳಿಸಲು, ಉತ್ತರವನ್ನು ಬಾಯಲ್ಲಿ ಕೇಳಲು, ತರಗತಿಯ ಮುಂದೆ ನಿಲ್ಲಿಸಿ ಓದಿಸದಿರಲು ಯಾವ ಸರಕಾರಿ ಮುದ್ರೆ ಬೇಕು?

‘ಹೆಣ್ಣುಮಗು, ನಾಳೆ ಮದುವೆಗೆ ತೊಡಕಾದೀತು’ ಎಂದು ಮುಚ್ಚಿಡುವವರಿದ್ದಾರೆ. ‘ಓದು ಹತ್ತದಿದ್ದರೆ ಗ್ಯಾರೇಜಿಗೆ ಹಾಕೋಣ’ ಎನ್ನುವವರೂ ಇದ್ದಾರೆ. ದುಡಿಮೆ ಕೀಳಲ್ಲ. ಆದರೆ ತಾನು ದಡ್ಡನೆಂದು ನಂಬಿ ಶಾಲೆ ಬಿಡುವ ಮಗು ತನ್ನ ಮೇಲಿನ ವಿಶ್ವಾಸವನ್ನೂ ಅಲ್ಲಿಯೇ ಬಿಟ್ಟುಬರುತ್ತದೆ. ಆ ಹೊಣೆ ಯಾರದು? ನಾಳೆಯೇ ಶಾಲೆಗೆ ಹೋಗಿ ಅಧ್ಯಾಪಕರೊಡನೆ ಮಾತನಾಡಿರಿ. ಈ ಒಂದು ಹೆಜ್ಜೆ ಮಗುವಿನದಲ್ಲ, ನಮ್ಮದು.